ತಾರೀಕಿಲ್ಲದ ದರ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ದರ ವಿಚಾರಿಸುವ ಕಾಲ ಬೇರೆ, ಕೆಲಸ ನಡೆಯುವ ಕಾಲ ಬೇರೆ. ಮನೆ ಕಟ್ಟಿಸುವವರು ಯುಗಾದಿಯ ಆಸುಪಾಸಿನಲ್ಲಿ ನಕ್ಷೆ ಹಿಡಿದುಕೊಂಡು ಗುತ್ತಿಗೆದಾರರ ಹತ್ತಿರ ಹೋಗುತ್ತಾರೆ; ಪಾಯ ತೋಡುವ ಹೊತ್ತಿಗೆ ಮಳೆಗಾಲ ಕಳೆದು ದೀಪಾವಳಿ ಬಂದಿರುತ್ತದೆ. ಮದುವೆಯ ಅಡುಗೆಗೆ ಒಂದು ಎಲೆಗೆ ಇಷ್ಟು ಎಂದು ಎಷ್ಟೋ ತಿಂಗಳು ಮೊದಲೇ ಮಾತಾಗುತ್ತದೆ. ಗಂಗೊಳ್ಳಿಯ ಬೋಟಿನ ದುರಸ್ತಿಗೆ ಅಂದಾಜು ಕೇಳುವುದು ಬೇಸಿಗೆಯಲ್ಲಿ; ಕೆಲಸ ಮುಗಿಯಬೇಕಾದದ್ದು ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧದ ಒಳಗೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಕರಾವಳಿಯಲ್ಲಿ ಇದು ಬೇರೆ ರೀತಿ ನಡೆಯುವುದು ಕಷ್ಟ. ದರ ಹೇಳಿದ ದಿನಕ್ಕೂ ದುಡ್ಡು ಕೊಡುವ ದಿನಕ್ಕೂ ನಡುವೆ ಹೀಗೆ ತಿಂಗಳುಗಳು ಬಿದ್ದಾಗ, ಆ ದರವನ್ನು ಅಷ್ಟು ಕಾಲ ನೆನಪಿಟ್ಟುಕೊಳ್ಳುವವರು ಯಾರು? ನಾನು ಈ ಹೊತ್ತು ಮಾತಾಡಬೇಕೆಂದಿರುವುದು ಇದರ ಬಗ್ಗೆ. ಕೊಟೇಶನ್ ಬರೆಯುವ, ತಿದ್ದುವ, ಕಾಯ್ದಿಡುವ ತಂತ್ರಾಂಶಗಳು ಈಗ ಫೋನಿನಲ್ಲೇ ಸಿಗುತ್ತವೆ. ಎರಡು ನಿಮಿಷದಲ್ಲಿ ಕೊಟೇಶನ್ ತಯಾರು ಎಂದು ಅವುಗಳ ಜಾಹೀರಾತು ಹೇಳುತ್ತದೆ. ಆ ಎರಡು ನಿಮಿಷದ ಉಳಿತಾಯಕ್ಕೆ ನಮ್ಮ ವ್ಯಾಪಾರದಲ್ಲಿ ದೊಡ್ಡ ಬೆಲೆಯೇನೂ ಇಲ್ಲ. ಯಾವ ದಿನ, ಯಾರಿಗೆ, ಯಾವ ವಸ್ತುವಿಗೆ, ಯಾವ ಷರತ್ತಿನ ಮೇಲೆ ಏನು ಹೇಳಿದ್ದೆವು ಎಂಬುದನ್ನು ಮಾರುವವನಿಗೂ ಕೊಳ್ಳುವವನಿಗೂ ಒಂದೇ ರೂಪದಲ್ಲಿ ಉಳಿಸಿಕೊಡುವ ಶಕ್ತಿಗೆ ಬೆಲೆ ಇದೆ. ಆ ಶಕ್ತಿಯನ್ನು ನಮ್ಮ ಸಣ್ಣ ಅಂಗಡಿಗಳೂ ಗುತ್ತಿಗೆದಾರರೂ ಬಳಸಿಕೊಳ್ಳಬೇಕು, ಗಿರಾಕಿಗಳೂ ಅದನ್ನು ಕೇಳಿ ಪಡೆಯಬೇಕು ಎಂಬುದು ನನ್ನ ವಾದ.

ಮನೆ ಕಟ್ಟುವ ಗುತ್ತಿಗೆಯನ್ನೇ ತೆಗೆದುಕೊಳ್ಳೋಣ. ಮಾತು ನಡೆಯುವುದು ಚದರ ಅಡಿಯ ಲೆಕ್ಕದಲ್ಲಿ. ಒಬ್ಬರು ಒಂದು ದರ ಹೇಳುತ್ತಾರೆ, ಇನ್ನೊಬ್ಬರು ಅದಕ್ಕಿಂತ ನೂರು ರೂಪಾಯಿ ಕಡಿಮೆ ಹೇಳುತ್ತಾರೆ. ಕಡಿಮೆ ಹೇಳಿದವರಿಗೆ ಕೆಲಸ ಸಿಗುತ್ತದೆ. ಆದರೆ ಆ ಒಂದು ಅಂಕಿಯೊಳಗೆ ಏನೇನು ಸೇರಿದೆ? ಸಿಟೌಟು ಅಳತೆಗೆ ಬರುತ್ತದೆಯೇ, ಬಂದರೆ ಪೂರ್ತಿ ದರವೋ ಅರ್ಧ ದರವೋ? ಗೋಡೆ ಕೆಂಪುಕಲ್ಲಿನದೋ ಸಿಮೆಂಟ್ ಬ್ಲಾಕಿನದೋ? ಕೆಂಪುಕಲ್ಲಾದರೆ ಎರಡೂ ಕಡೆ ಸಾರಣೆಯೋ, ಹೊರಗೆ ಬರೀ ಪಾಯಿಂಟಿಂಗೋ? ಬಾಗಿಲು ಕಿಟಕಿಯ ಮರ ಯಾರದು, ಅದನ್ನು ಮಿಲ್ಲಿಗೆ ಒಯ್ದು ಕೊಯ್ಯಿಸುವ ಖರ್ಚು ಯಾರದು? ನೆಲದ ಟೈಲ್ಸಿಗೆ ಚದರ ಅಡಿಗೆ ಎಷ್ಟು ರೂಪಾಯಿ ಹಿಡಿದಿದ್ದಾರೆ? ಶೌಚಗುಂಡಿ, ಆವರಣ ಗೋಡೆ, ಪಂಪಿನ ಪೈಪು, ಮಾಡಿನ ಮೇಲಿನ ಶೀಟು ಇವೆಲ್ಲ ಒಳಗೋ ಹೊರಗೋ? ಇದನ್ನೆಲ್ಲ ಸೇರಿಸಿ ದರ ಹೇಳಿದವರು ದುಬಾರಿಯಾಗಿ ಕಾಣುತ್ತಾರೆ. ಬಿಟ್ಟು ಹೇಳಿದವರು ಅಗ್ಗವಾಗಿ ಕಾಣುತ್ತಾರೆ. ಗೋಡೆ ಎದ್ದ ಮೇಲೆ ‘ಅದು ಎಕ್ಸ್‌ಟ್ರಾ’ ಎಂಬ ಮಾತು ಒಂದೊಂದಾಗಿ ಶುರುವಾಗುತ್ತದೆ. ಆ ಹೊತ್ತಿಗೆ ಗುತ್ತಿಗೆದಾರರನ್ನು ಬದಲಾಯಿಸುವ ಸ್ಥಿತಿಯಲ್ಲಿ ಮನೆಯವರು ಇರುವುದಿಲ್ಲ. ವಿವರವಿಲ್ಲದ ದರದಿಂದ ಮೊದಲು ನಷ್ಟವಾಗುವುದು ಪ್ರಾಮಾಣಿಕ ಗುತ್ತಿಗೆದಾರನಿಗೆ, ಆಮೇಲೆ ಗಿರಾಕಿಗೆ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ವಿವರವಾದ ಕೊಟೇಶನ್ ಎಂದರೆ ಗಿರಾಕಿಯ ರಕ್ಷಣೆಗೆ ಮಾತ್ರ ಎಂದು ನಮ್ಮ ಅನೇಕ ವ್ಯಾಪಾರಿಗಳು ತಿಳಿದುಕೊಂಡಿದ್ದಾರೆ. ನೇರವಾಗಿ ಹೇಳಬಲ್ಲ ವ್ಯಾಪಾರಿಗೆ, ಅಡಗಿಸಿ ಹೇಳುವವನ ಎದುರು ನಿಲ್ಲಲು ಇರುವ ದಾರಿ ತನ್ನ ದರವನ್ನು ಬಿಡಿಸಿ ತೋರಿಸುವುದೊಂದೇ.

ಇದಕ್ಕೆ ನಮ್ಮ ಊರಿನ ಇನ್ನೊಂದು ಸ್ಥಿತಿ ಸೇರಿಕೊಳ್ಳುತ್ತದೆ. ಕುಂದಾಪುರದ ಕಡೆಯ ಎಷ್ಟೋ ಮನೆಗಳ ದುಡಿಮೆ ಇರುವುದು ಬೆಂಗಳೂರು, ಮುಂಬೈಗಳ ಹೋಟೆಲುಗಳಲ್ಲಿ, ಕೊಲ್ಲಿ ದೇಶಗಳಲ್ಲಿ. ದುಡ್ಡು ಕಳಿಸುವವರು ಅಲ್ಲಿ, ಕೆಲಸ ನೋಡಿಕೊಳ್ಳುವ ಅಪ್ಪಯ್ಯನೋ ಭಾವನೋ ಇಲ್ಲಿ, ಮಾತು ಕೊಟ್ಟ ಗುತ್ತಿಗೆದಾರ ಮೂರನೆಯವನು. ಒಬ್ಬರ ಫೋನಿನಲ್ಲಿ ಕೈಬರಹದ ಚೀಟಿಯ ಫೋಟೋ ಇರುತ್ತದೆ, ಇನ್ನೊಬ್ಬರ ನೆನಪಿನಲ್ಲಿ ಅಂಗಳದಲ್ಲಿ ನಿಂತು ಆಡಿದ ಮಾತು, ಮತ್ತೊಬ್ಬರ ಡೈರಿಯಲ್ಲಿ ಬರೀ ಒಟ್ಟು ಮೊತ್ತ. ಮೂವರೂ ಸತ್ಯವಂತರೇ ಆಗಿದ್ದರೂ ಆರು ತಿಂಗಳ ನಂತರ ಮೂವರ ಲೆಕ್ಕ ಮೂರು ರೀತಿ ಇರುತ್ತದೆ. ಜಗಳ ಹುಟ್ಟಲು ಮೋಸವೇ ಬೇಕಾಗಿಲ್ಲ, ಮರೆವೊಂದಿದ್ದರೂ ಸಾಕು.

ಕಾನೂನು ಈ ಬಗ್ಗೆ ಬಹಳ ಹಿಂದೆಯೇ ಯೋಚಿಸಿದೆ. 1872ರ ಭಾರತೀಯ ಕರಾರು ಕಾಯ್ದೆಯ 5ನೇ ಕಲಂ ಪ್ರಕಾರ, ಎದುರಿನವರು ಒಪ್ಪಿದ್ದೇವೆಂದು ತಿಳಿಸುವವರೆಗೆ ಪ್ರಸ್ತಾವವನ್ನು ಹಿಂದಕ್ಕೆ ಪಡೆಯಬಹುದು. 6ನೇ ಕಲಂ ಪ್ರಕಾರ, ಪ್ರಸ್ತಾವದಲ್ಲಿ ಗಡುವು ಹೇಳಿದ್ದರೆ ಆ ಗಡುವು ಮುಗಿದಾಗ ಅದು ಬಿದ್ದುಹೋಗುತ್ತದೆ. ಗಡುವು ಹೇಳಿರದಿದ್ದರೆ ‘ಸಮಂಜಸವಾದ ಕಾಲ’ ಕಳೆದಾಗ. ಈ ಸಮಂಜಸವಾದ ಕಾಲ ಎಷ್ಟು? ಕೆಂಪುಕಲ್ಲಿಗೆ ಒಂದು ತಿಂಗಳೋ, ಕಬ್ಬಿಣಕ್ಕೆ ಒಂದು ವಾರವೋ? ಕಾಯ್ದೆ ಹೇಳುವುದಿಲ್ಲ, ಹೇಳಬೇಕಾದದ್ದು ನ್ಯಾಯಾಲಯ, ಅದೂ ವರ್ಷಗಟ್ಟಲೆ ವಾದ ಕೇಳಿದ ಮೇಲೆ. ಕೊಟೇಶನ್ನಿನ ಮೇಲೆ ‘ಈ ದರ ಇಂಥ ದಿನದವರೆಗೆ’ ಎಂಬ ಒಂದು ಸಾಲು ಬರೆದರೆ ಆ ಪ್ರಶ್ನೆಯೇ ಏಳುವುದಿಲ್ಲ. ಬರೀ ದರ ಹೇಳಿದ ಮಾತ್ರಕ್ಕೆ ಮಾರಲು ಒಪ್ಪಿದಂತಾಗುವುದಿಲ್ಲ ಎಂಬುದಕ್ಕೆ ಕೊಡಗಿನದೇ ಒಂದು ಮೊಕದ್ದಮೆ ಇದೆ. ಮಡಿಕೇರಿಯ ಒಂದು ಬಂಗಲೆಯನ್ನು ಕೊಳ್ಳಬೇಕೆಂದವರು ದರ ವಿಚಾರಿಸಿದರು. ದೂರದೇಶದಲ್ಲಿದ್ದ ಒಡೆಯರು ಹತ್ತು ಸಾವಿರ ರೂಪಾಯಿಗಿಂತ ಕಡಿಮೆಗೆ ಒಪ್ಪುವುದಿಲ್ಲ ಎಂದು ತಂತಿ ಕಳಿಸಿದರು. ಕೊಳ್ಳುವವರು ಹತ್ತು ಸಾವಿರಕ್ಕೆ ಸಿದ್ಧ ಎಂದರು. ವ್ಯಾಪಾರ ಕುದುರಿತೆಂದು ಅವರು ತಿಳಿದಿದ್ದರು. 1951ರಲ್ಲಿ ಮ್ಯಾಕ್‌ಫರ್ಸನ್ ಮತ್ತು ಅಪ್ಪಣ್ಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ದರ ಇಷ್ಟು ಎಂದು ತಿಳಿಸುವುದು ಪ್ರಸ್ತಾವವಲ್ಲ, ಆದ್ದರಿಂದ ಕರಾರೇ ಆಗಿಲ್ಲ ಎಂದು ತೀರ್ಮಾನಿಸಿತು. ನಮ್ಮ ಅಂಗಡಿಗಳ ಮುಂದೆ ದಿನವೂ ನಡೆಯುವ ‘ಲಾಸ್ಟ್ ಎಷ್ಟು ಹೇಳಿ’ ಎಂಬ ಮಾತುಕತೆ ಇದೇ ಜಾತಿಯದು. ಗಿರಾಕಿ ಅದನ್ನು ವಚನವೆಂದು ತಿಳಿದು ಹೋಗುತ್ತಾನೆ, ಅಂಗಡಿಯವರು ಅದನ್ನು ಬರೀ ಮಾಹಿತಿ ಎಂದುಕೊಂಡಿರುತ್ತಾರೆ. ಇನ್ನೊಂದು ತುದಿಯಲ್ಲಿ, ವಿವರವಾದ ಪ್ರಸ್ತಾವಕ್ಕೆ ಇಮೇಲಿನಲ್ಲೇ ಒಪ್ಪಿಗೆ ಹೋದರೂ ಕರಾರು ಗಟ್ಟಿ ಎಂದು 2010ರಲ್ಲಿ ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ಪ್ರಕರಣದಲ್ಲಿ ಅದೇ ಕೋರ್ಟು ಹೇಳಿತು. ಆದ್ದರಿಂದ ಫೋನಿನಲ್ಲಿ ಕಳಿಸುವ ಕೊಟೇಶನ್ನನ್ನು ಯಾರೂ ಹಗುರವಾಗಿ ಕಾಣುವಂತಿಲ್ಲ.

ಗ್ರಾಹಕರ ಕಡೆಯಿಂದ ನೋಡಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ಸ್ಪಷ್ಟವಾಗಿದೆ. ಉಭಯತರು ಒಪ್ಪಿಕೊಂಡ ಬೆಲೆಗಿಂತ ಹೆಚ್ಚು ವಸೂಲು ಮಾಡಿದರೆ ದೂರು ಕೊಡಬಹುದು ಎಂದು ಅದು ಹೇಳುತ್ತದೆ. ಉಡುಪಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಆದರೆ ಒಪ್ಪಿಕೊಂಡ ಬೆಲೆ ಎಷ್ಟೆಂದು ತೋರಿಸಲು ಕೈಯಲ್ಲಿ ಕಾಗದ ಬೇಡವೇ? ವ್ಯಾಪಾರಿಯ ಪಾಡೂ ಅದೇ. ಬೆಲೆ ನಿಗದಿಯಾಗದೆ ಮಾಲು ಕೊಟ್ಟಿದ್ದರೆ ಕೊಂಡವನು ‘ಸಮಂಜಸವಾದ ಬೆಲೆ’ ಕೊಡಬೇಕೆಂದು 1930ರ ಸರಕು ಮಾರಾಟ ಕಾಯ್ದೆಯ 9ನೇ ಕಲಂ ಹೇಳುತ್ತದೆ. ಮತ್ತೆ ಅದೇ ಸಮಂಜಸ, ಮತ್ತೆ ಅದೇ ವರ್ಷಗಟ್ಟಲೆಯ ವಾದ.

ಇನ್ನು ತಂತ್ರಾಂಶದ ವಿಷಯಕ್ಕೆ ಬರುತ್ತೇನೆ. ಈಗ ಅನೇಕ ಅಂಗಡಿಗಳಲ್ಲಿ ಕೊಟೇಶನ್ ತಯಾರಾಗುವುದು ಹಳೆಯ ಕಡತವನ್ನು ತೆರೆದು, ಹೆಸರು ಬದಲಾಯಿಸಿ, ಅಂಕಿ ತಿದ್ದಿ, ಮತ್ತೆ ಉಳಿಸುವುದರಿಂದ. ಒಮ್ಮೊಮ್ಮೆ ಹಿಂದಿನ ಗಿರಾಕಿಯ ಹೆಸರೋ ಹಿಂದಿನ ತಿಂಗಳ ದರವೋ ಹಾಗೇ ಉಳಿದುಬಿಡುತ್ತದೆ. ಹಳೆಯದು ಅಳಿಸಿಹೋದ್ದರಿಂದ ಮೊದಲು ಏನು ಹೇಳಿದ್ದೆವು ಎಂಬುದಕ್ಕೆ ದಾಖಲೆಯೇ ಇಲ್ಲ. ಕೊಟೇಶನ್ನಿಗೆಂದೇ ಇರುವ ತಂತ್ರಾಂಶ ಇದನ್ನು ಬುಡದಲ್ಲೇ ಬೇರೆ ಮಾಡುತ್ತದೆ. ವಸ್ತುಗಳ ದರಪಟ್ಟಿ ಒಂದೇ ಕಡೆ ಇರುತ್ತದೆ. ಪ್ರತಿ ಕೊಟೇಶನ್ನಿಗೂ ತನ್ನದೇ ಸಂಖ್ಯೆ, ತಾರೀಕು, ಗಡುವು ಇರುತ್ತದೆ. 1986ರಲ್ಲಿ ಹುಟ್ಟಿದ, ಬೆಂಗಳೂರಿನ ಟ್ಯಾಲಿಯಲ್ಲಿ ಕೊಟೇಶನ್ನನ್ನು ಐಚ್ಛಿಕ ವೋಚರಾಗಿ ಬರೆದಿಡಬಹುದು. ಅದು ಪುಸ್ತಕದಲ್ಲಿ ಇರುತ್ತದೆ, ಆದರೆ ಮಾರಾಟದ ಲೆಕ್ಕಕ್ಕೆ ಸೇರುವುದಿಲ್ಲ. ಮುಂಬೈಯ ಮುಕ್ತ ತಂತ್ರಾಂಶ ಇಆರ್‌ಪಿನೆಕ್ಸ್ಟಿನಲ್ಲಿ ಗಡುವು ದಾಟಿದ ಕೊಟೇಶನ್ ‘ಅವಧಿ ಮುಗಿದದ್ದು’ ಎಂದು ತಾನಾಗಿ ಗುರುತಾಗುತ್ತದೆ, ಕೈತಪ್ಪಿದ್ದಾದರೆ ಏಕೆ ತಪ್ಪಿತು ಎಂದು ಕಾರಣ ಬರೆಯಲು ಜಾಗವಿದೆ. ಚೆನ್ನೈಯ ಜೋಹೋದಲ್ಲಿ ಗಿರಾಕಿ ತನ್ನ ಫೋನಿನಿಂದಲೇ ಒಪ್ಪಿಗೆ ಅಥವಾ ನಿರಾಕರಣೆ ಒತ್ತಬಹುದು. ಒಪ್ಪಿದ ಕೊಟೇಶನ್ ಎಲ್ಲದರಲ್ಲೂ ಮರುಬರಹವಿಲ್ಲದೆ ಆರ್ಡರಾಗಿ, ಬಿಲ್ಲಾಗಿ ಮುಂದೆ ಸಾಗುತ್ತದೆ. ಯಾವ ಕಂಪನಿಯದನ್ನು ಬಳಸಬೇಕೆಂಬುದು ನನ್ನ ವಿಷಯವಲ್ಲ. ಗುಣ ನೋಡಿಕೊಳ್ಳಿ: ಕಳಿಸಿದ ಕೊಟೇಶನ್ನನ್ನು ಸದ್ದಿಲ್ಲದೆ ತಿದ್ದಲು ಬಿಡದೆ, ತಿದ್ದುವುದಾದರೆ ಎರಡನೆಯ ಆವೃತ್ತಿಯಾಗಿಯೇ ಮಾಡಿಸಿ, ಮೊದಲನೆಯದನ್ನು ಹಾಗೇ ಕಾಯ್ದಿಡುವಂಥದ್ದಾಗಿರಬೇಕು.

ಈ ಆವೃತ್ತಿಯ ಮಹತ್ವ ತಿಳಿಯಲು ಬೋಟಿನ ದುರಸ್ತಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಬೋಟನ್ನು ದಡಕ್ಕೆ ಎಳೆದು ಹಲಗೆ ಬಿಚ್ಚುವವರೆಗೆ ಒಳಗೆ ಎಷ್ಟು ಮರ ಕೊಳೆತಿದೆ ಎಂದು ಯಾರೂ ಖಚಿತವಾಗಿ ಹೇಳಲಾರರು. ಎಂಜಿನ್ ಬಿಚ್ಚಿದ ಮೇಲೇ ಯಾವ ಭಾಗ ಸವೆದಿದೆ ಎಂಬುದು ಗೊತ್ತಾಗುವುದು. ಹಾಗಾಗಿ ಮೊದಲ ಅಂದಾಜು ತಪ್ಪುವುದು ಸಹಜ. ಅದಕ್ಕೆ ಮೇಸ್ತ್ರಿಯನ್ನು ದೂರಬಾರದು. ಆದರೆ ಕಂಡದ್ದನ್ನು ಕಂಡ ದಿನವೇ ಫೋಟೋ ಸಮೇತ ಎರಡನೆಯ ಕೊಟೇಶನ್ನಾಗಿ ಕಳಿಸಿ, ಬೋಟಿನ ಮಾಲೀಕರ ಒಪ್ಪಿಗೆ ಪಡೆದು ಮುಂದುವರಿದರೆ, ಆಗಸ್ಟ್ ಹತ್ತಿರ ಬಂದಾಗ ಅಂತಿಮ ಬಿಲ್ಲು ಯಾರಿಗೂ ಆಘಾತವಾಗುವುದಿಲ್ಲ. ಮೊದಲ ಅಂದಾಜು ಇಷ್ಟು, ಹಲಗೆಗೆ ಇಷ್ಟು ಏರಿತು, ಎಂಜಿನ್ನಿಗೆ ಇಷ್ಟು ಏರಿತು ಎಂದು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಬದಲಾದ ಬೆಲೆಯನ್ನು ಜನ ಒಪ್ಪುತ್ತಾರೆ. ಹೇಳದೆ ಬದಲಾದ ಬೆಲೆಯನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು.

ಮರೆತುಹೋದ ಬಾಬತ್ತುಗಳ ವಿಷಯವೂ ಇದೆ. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ತನ್ನ ವ್ಯಾಕ್ಸ್ ಕಂಪ್ಯೂಟರುಗಳನ್ನು ಮಾರುತ್ತಿದ್ದಾಗ, ಆರ್ಡರಿನಲ್ಲಿ ಯಾವುದೋ ಕೇಬಲ್ಲೋ ಬಿಡಿಭಾಗವೋ ಬಿಟ್ಟುಹೋಗುವುದು ದೊಡ್ಡ ತೊಂದರೆಯಾಗಿತ್ತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಾನ್ ಮೆಕ್‌ಡರ್ಮಟ್ ರೂಪಿಸಿದ ಎಕ್ಸ್‌ಕಾನ್ ಎಂಬ ತಂತ್ರಾಂಶವನ್ನು 1980ರಿಂದ ಆ ಕಂಪನಿ ಬಳಸತೊಡಗಿತು. ಈ ಭಾಗ ಇದ್ದರೆ ಆ ಭಾಗ ಬೇಕೇ ಬೇಕು ಎಂಬ ನೂರಾರು ನಿಯಮಗಳನ್ನು ಅದರಲ್ಲಿ ತುಂಬಿದ್ದರು. ಇಂದಿನ ಕೊಟೇಶನ್ ತಂತ್ರಾಂಶಗಳ ಹಿರಿಯಜ್ಜ ಅದು. ಅಂಗಳಕ್ಕೆ ಶೀಟು ಹಾಕುವವರಿಗೂ ಇದೇ ಬೇಕು. ಶೀಟು ಬರೆದ ಕೂಡಲೆ ಪೈಪಿನ ಚೌಕಟ್ಟು, ಸ್ಕ್ರೂ, ಬಣ್ಣ, ಮಳೆನೀರು ಇಳಿಯುವ ಕೊಳವೆ, ಸಾಗಾಟ, ಕೂಲಿ ಎಲ್ಲ ಒಟ್ಟಿಗೆ ಬಂದು ನಿಲ್ಲುವಂತೆ ಒಮ್ಮೆ ಜೋಡಿಸಿಟ್ಟರೆ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಬರೆದರೂ ಯಾವುದೂ ತಪ್ಪುವುದಿಲ್ಲ. ರಿಯಾಯಿತಿಯ ಲೆಕ್ಕವನ್ನೂ ಯಂತ್ರ ಎದುರಿಗೇ ತೋರಿಸುತ್ತದೆ. ಎಂಬತ್ತು ಸಾವಿರಕ್ಕೆ ಬಿದ್ದ ಮಾಲನ್ನು ಲಕ್ಷಕ್ಕೆ ಮಾರುವ ಅಂಗಡಿಯವರು, ಚೌಕಾಸಿಯಲ್ಲಿ ‘ಹತ್ತು ಪರ್ಸೆಂಟ್ ಬಿಡುತ್ತೇನೆ’ ಎಂದರೆ ಬಿಟ್ಟದ್ದು ಲಾಭದ ಅರ್ಧಪಾಲು. ಮೊದಲಿನಷ್ಟೇ ಗಳಿಸಲು ಅವರು ಎರಡರಷ್ಟು ಮಾರಬೇಕು. ಮಾತಿನ ಭರದಲ್ಲಿ ಇದು ಹೊಳೆಯುವುದಿಲ್ಲ.

ಕೈತಪ್ಪಿದ ಕೊಟೇಶನ್ನುಗಳೂ ಉಪಯುಕ್ತವೇ. ಒಂದು ಬೇಸಿಗೆಯಲ್ಲಿ ನೂರು ಜನಕ್ಕೆ ದರ ಕೊಟ್ಟು ಮೂವತ್ತು ಜನ ಬಂದರು ಎಂದಿಟ್ಟುಕೊಳ್ಳಿ. ಉಳಿದ ಎಪ್ಪತ್ತು ಜನ ದರ ಹೆಚ್ಚೆಂದು ಹೋದರೋ, ಕೊಟೇಶನ್ ತಡವಾಯಿತೆಂದು ಹೋದರೋ, ಕೆಲಸವನ್ನೇ ಮುಂದೂಡಿದರೋ? ಬರೆದಿಡದ ಅಂಗಡಿಯವರು ಎಲ್ಲರೂ ದರಕ್ಕಾಗಿಯೇ ಹೋದರೆಂದು ತಿಳಿದು ಮುಂದಿನ ವರ್ಷ ದರ ಇಳಿಸುತ್ತಾರೆ. ಬರೆದಿಟ್ಟವರಿಗೆ ಅರ್ಧ ಜನ ಬರೀ ಒಂದು ಫೋನಿಗಾಗಿ ಕಾದಿದ್ದರು ಎಂಬುದು ತಿಳಿಯಬಹುದು.

ಈಗ ಆಕ್ಷೇಪಗಳು. ಮೊದಲನೆಯದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವಂಥದ್ದು: ‘ಎಂತಕ್ಕೆ ಮಾರಾಯ್ರೆ ಕಾಗ್ದ, ಮಾತೇ ಸಾಕಲ್ದಾ?’ ಕಾಗದ ಕೇಳಿದರೆ ನಂಬಿಕೆ ಇಲ್ಲವೆಂದು ಅರ್ಥ, ನಂಬಿಕೆಯ ಮೇಲೆ ನಿಂತ ಊರಿಗೆ ಇದು ಒಗ್ಗುವುದಿಲ್ಲ ಎಂಬ ಮಾತು. ಈ ಭಾವನೆಯನ್ನು ನಾನು ಗೌರವಿಸುತ್ತೇನೆ. ಪರಿಚಯದ ಮೇಲೆ, ಹೆಸರಿನ ಮೇಲೆ ನಡೆಯುವ ವ್ಯಾಪಾರ ಈ ಊರುಗಳ ದೊಡ್ಡ ಆಸ್ತಿ. ಆದರೆ ಬರೆದಿಡುವುದು ಇಲ್ಲಿಗೆ ಹೊರಗಿನಿಂದ ಬಂದ ಅಭ್ಯಾಸವಲ್ಲ. ಬ್ರಹ್ಮಾವರ ತಾಲೂಕಿನ ಬಾರಕೂರು, ಕುಂದಾಪುರದ ಬಸರೂರು ಎರಡೂ ಹಳೆಯ ಬಂದರು ಪಟ್ಟಣಗಳು, ಸೆಟ್ಟಿಕಾರರು, ಹಂಜಮಾನದವರು ಎಂಬ ವರ್ತಕರ ಕೂಟಗಳಿದ್ದ ಊರುಗಳು. ಅಲ್ಲಿಯ ಶಾಸನಗಳು ಶಕವರ್ಷ, ತಿಥಿ, ಗದ್ಯಾಣ, ಅಕ್ಕಿಯ ಮುಡಿಯ ಲೆಕ್ಕವನ್ನು ಕಲ್ಲಿನ ಮೇಲೆ ಕೊರೆದಿಟ್ಟಿವೆ. ದೇವರಿಗೆ ಬಿಟ್ಟ ದತ್ತಿಯನ್ನೇ ಪ್ರಮಾಣ ಸಮೇತ ಬರೆಸಿದವರು ಪರಸ್ಪರ ನಂಬದವರಾಗಿರಲಿಲ್ಲ. ತಮ್ಮ ನಂತರ ಬರುವವರಿಗೂ ಮಾತು ಉಳಿಯಬೇಕೆಂದು ಬರೆಸಿದರು. 16ನೇ ಶತಮಾನದಲ್ಲಿ ಬಸರೂರಿನ ಅಕ್ಕಿ ಗೋವಕ್ಕೂ ಹೋರ್ಮುಜಿಗೂ ಹೋಗುತ್ತಿತ್ತು. ಮುಖ ನೋಡದವರೊಡನೆ ವ್ಯಾಪಾರ ಮಾಡುವುದು ಈ ಕರಾವಳಿಗೆ ಹೊಸತಲ್ಲ. ಇಂದು ಮುಂಬೈಯಿಂದ ಮನೆ ಕಟ್ಟಿಸುವವರೂ ಒಂದರ್ಥದಲ್ಲಿ ಅಂಥ ದೂರದ ಗಿರಾಕಿಗಳೇ.

ಎರಡನೆಯ ಆಕ್ಷೇಪ ವ್ಯಾಪಾರಿಗಳದು, ಹೆಚ್ಚು ಗಟ್ಟಿಯಾದದ್ದು. ವಿವರವಾಗಿ ಬರೆದುಕೊಟ್ಟರೆ ಗಿರಾಕಿ ಅದನ್ನೇ ಹಿಡಿದುಕೊಂಡು ಪಕ್ಕದ ಅಂಗಡಿಗೆ ಹೋಗಿ ‘ಇದಕ್ಕಿಂತ ಕಡಿಮೆಗೆ ಕೊಡುತ್ತೀರಾ’ ಎನ್ನುತ್ತಾನೆ. ಅಳತೆ ತೆಗೆದು ಲೆಕ್ಕ ಹಾಕಿದ ಶ್ರಮ ನನ್ನದು, ಕೆಲಸ ಅವನಿಗೆ. ಇದು ನಡೆಯುವುದು ನಿಜ, ನ್ಯಾಯವೂ ಅಲ್ಲ. ಆದರೆ ಬಾಯಿಮಾತಿನ ದರವನ್ನೂ ಗಿರಾಕಿ ಪಕ್ಕದ ಅಂಗಡಿಗೆ ಒಯ್ಯುತ್ತಾನೆ, ಅದೂ ಹತ್ತು ರೂಪಾಯಿ ಕಡಿಮೆ ಮಾಡಿ ಹೇಳುತ್ತಾನೆ. ಬರಹದಲ್ಲಿದ್ದರೆ ಕಂಪನಿ, ದಪ್ಪ, ಗ್ಯಾರಂಟಿ ಎಲ್ಲವೂ ಅಲ್ಲಿರುತ್ತದೆ. ಪಕ್ಕದವರು ತೆಳ್ಳಗಿನ ಶೀಟು ತೋರಿಸಿ ಅಗ್ಗ ಎನ್ನುವುದು ಕಷ್ಟವಾಗುತ್ತದೆ. ನಕ್ಷೆ, ವಿನ್ಯಾಸದಂಥ ನಿಜವಾದ ಬೌದ್ಧಿಕ ಕೆಲಸ ಇದ್ದಲ್ಲಿ ಸ್ಥಳ ಪರಿಶೀಲನೆಗೆ ಸಣ್ಣ ಶುಲ್ಕ ಪಡೆದು, ಕೆಲಸ ಸಿಕ್ಕರೆ ಬಿಲ್ಲಿನಲ್ಲಿ ಕಳೆಯುವುದು ಸರಿಯಾದ ದಾರಿ. ವಿವರ ಮುಚ್ಚಿಡುವುದು ಸರಿಯಾದ ದಾರಿ ಅಲ್ಲ.

ಮೂರನೆಯದು, ದರ ದಿನಾ ಏರಿಳಿಯುವಾಗ ಬರೆದು ಕಟ್ಟಿಹಾಕಿಕೊಳ್ಳುವುದು ಹೇಗೆ ಎಂಬುದು. ಮೀನಿನ ದರಕ್ಕೆ ಈ ಮಾತು ಪೂರ್ತಿ ನಿಜ. ದಕ್ಕೆಯಲ್ಲಿ ಬೆಳಿಗ್ಗೆಯ ಏಲಂನಲ್ಲಿ ನಿಂತ ಬೆಲೆಯನ್ನು ಹಿಂದಿನ ದಿನ ಬರೆದುಕೊಡಲು ಯಾರಿಂದಲೂ ಆಗದು. ಕಬ್ಬಿಣ, ಸಿಮೆಂಟು, ಗೇರುಬೀಜದ ಸ್ಥಿತಿ ಹಾಗಲ್ಲ. ಅಲ್ಲಿ ಬೇಕಾದದ್ದು ಚಿಕ್ಕ ಗಡುವು ಮತ್ತು ಸ್ಪಷ್ಟವಾದ ಏರಿಕೆಯ ಷರತ್ತು. ಷರತ್ತು ಬರೆದರಷ್ಟೇ ಸಾಲದು, ಕೊನೆಯವರೆಗೆ ಅದನ್ನು ಕಾಯ್ದುಕೊಳ್ಳಬೇಕು ಎಂಬುದಕ್ಕೆ ಇಂಗ್ಲೆಂಡಿನ ಒಂದು ತೀರ್ಪನ್ನು ವಕೀಲರು ಆಗಾಗ ಉಲ್ಲೇಖಿಸುತ್ತಾರೆ. 1969ರಲ್ಲಿ ಬಟ್ಲರ್ ಎಂಬ ಯಂತ್ರ ಕಂಪನಿ 75,535 ಪೌಂಡಿನ ಕೊಟೇಶನ್ ಕೊಟ್ಟಿತು, ದರ ಏರಿದರೆ ಏರಿದ್ದನ್ನು ಕೊಡಬೇಕೆಂಬ ಷರತ್ತಿನೊಡನೆ. ಕೊಳ್ಳುವವರು ತಮ್ಮದೇ ಷರತ್ತುಗಳ ಆರ್ಡರ್ ಕಳಿಸಿ, ಅದರ ತುದಿಯ ಚೀಟಿಗೆ ಸಹಿ ಕೇಳಿದರು. ಬಟ್ಲರ್ ಸಹಿ ಹಾಕಿ ಕಳಿಸಿತು. ಆಮೇಲೆ ಅದು ಕೇಳಿದ ಹೆಚ್ಚುವರಿ 2,892 ಪೌಂಡು ಸಿಗಲಿಲ್ಲ, ಏಕೆಂದರೆ ಆ ಸಹಿಯೊಂದಿಗೆ ಒಪ್ಪಿದ್ದು ಕೊಳ್ಳುವವರ ಷರತ್ತನ್ನು ಎಂದಾಯಿತು. ತೆರಿಗೆಯ ವಿಷಯದಲ್ಲೂ ಎಚ್ಚರ ಬೇಕು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಬೇಸಿಗೆಯಲ್ಲಿ ‘ಎಲ್ಲ ಸೇರಿ ಇಷ್ಟು’ ಎಂದು ಒಟ್ಟು ದರ ಬರೆದಿದ್ದವರಲ್ಲಿ ಆ ಇಳಿಕೆ ಯಾರಿಗೆ ಸೇರಬೇಕು? ಮೂಲ ಬೆಲೆ ಬೇರೆ, ತೆರಿಗೆ ಬೇರೆ, ತೆರಿಗೆ ಮಾಲು ಕೊಡುವ ದಿನದ ದರದಂತೆ ಎಂದು ಬರೆದಿದ್ದವರಿಗೆ ಆ ಪ್ರಶ್ನೆಯೇ ಇರಲಿಲ್ಲ. ಕಾಂಪೊಸಿಷನ್ ಪದ್ಧತಿಯ ಸಣ್ಣ ವ್ಯಾಪಾರಿಗಳು ಗಿರಾಕಿಯಿಂದ ಜಿಎಸ್‌ಟಿ ಪಡೆಯುವಂತೆಯೇ ಇಲ್ಲ. ಅದನ್ನೂ ಕೊಟೇಶನ್ನಿನಲ್ಲೇ ತಿಳಿಸಿದರೆ ಇಬ್ಬರು ವ್ಯಾಪಾರಿಗಳ ದರವನ್ನು ಸರಿಯಾಗಿ ಹೋಲಿಸಲು ಸಾಧ್ಯ.

ಸರಕಾರಿ ಕೆಲಸಗಳಿಂದ ಬಂದ ಒಂದು ಕೆಟ್ಟ ಅಭ್ಯಾಸವನ್ನೂ ಇಲ್ಲಿ ಹೇಳಿಬಿಡಬೇಕು. ಸಣ್ಣ ಖರೀದಿಗೆ ಮೂರು ಕೊಟೇಶನ್ ತರಬೇಕೆಂಬ ಪದ್ಧತಿ ಇದೆ. ಒಬ್ಬರೇ ಮೂರು ಲೆಟರ್‌ಹೆಡ್ಡುಗಳಲ್ಲಿ ಮೂರು ದರ ಬರೆಸಿ ತಂದುಕೊಡುವುದು ಗುಟ್ಟೇನಲ್ಲ. ಸಾರ್ವಜನಿಕ ಖರೀದಿ ಪಾರದರ್ಶಕವಾಗಿರಲಿ ಎಂದು ರಾಜ್ಯ 1999ರಲ್ಲಿ ಕಾಯ್ದೆಯನ್ನೇ ಮಾಡಿದೆ; ಅದರ ಉದ್ದೇಶಕ್ಕೆ ಈ ಮೂರು ಕಾಗದದ ಆಟ ನೇರ ವಿರುದ್ಧ. ಇದರಿಂದ ಇನ್ನೊಂದು ಹಾನಿಯೂ ಆಗಿದೆ. ಕೊಟೇಶನ್ ಎಂದರೆ ಕಡತಕ್ಕೆ ಬೇಕಾದ ಕಾಗದ, ಅದರಲ್ಲಿ ಬರೆದದ್ದಕ್ಕೆ ಯಾರೂ ಬದ್ಧರಲ್ಲ ಎಂಬ ಭಾವನೆ ಖಾಸಗಿ ವ್ಯಾಪಾರಕ್ಕೂ ಹರಡಿದೆ. ಸೊಸೈಟಿ, ಶಾಲೆ, ದೇವಸ್ಥಾನಗಳ ಆಡಳಿತದವರು ಮನಸ್ಸು ಮಾಡಿದರೆ, ಒಂದೇ ಅಳತೆಯ, ಒಂದೇ ವಿವರದ ಪಟ್ಟಿಯನ್ನು ತಾವೇ ತಯಾರಿಸಿ ಎಲ್ಲರಿಗೂ ಕೊಟ್ಟು, ಅದರ ಎದುರು ದರ ತುಂಬಿಸಲು ಹೇಳಬಹುದು. ಆಗ ಹೋಲಿಕೆ ನಿಜವಾದ ಹೋಲಿಕೆಯಾಗುತ್ತದೆ.

ಖರ್ಚು, ಸಮಯದ ಆಕ್ಷೇಪವನ್ನು ನಾನು ದೊಡ್ಡದೆಂದು ಎಣಿಸುವುದಿಲ್ಲ. ಉಚಿತವಾಗಿ ಸಿಗುವವೂ ಇವೆ, ಫೋನಿನಲ್ಲಿ ನಡೆಯುವವೂ ಇವೆ. ದರಪಟ್ಟಿಯನ್ನು ಮೊದಲ ಸಲ ತುಂಬುವುದು ಮಾತ್ರ ನಿಜವಾದ ಶ್ರಮ, ಅದಕ್ಕೆ ಮಳೆಗಾಲದ ಬಿಡುವು ಸಾಕು. ಆದರೆ ಒಂದು ಭಯ ಸಕಾರಣವಾದದ್ದು: ತಂತ್ರಾಂಶದ ಕಂಪನಿ ಮುಚ್ಚಿದರೆ, ಬಾಡಿಗೆ ಏರಿಸಿದರೆ ನಮ್ಮ ಲೆಕ್ಕದ ಗತಿ ಏನು? ಅದಕ್ಕಾಗಿ, ಎಲ್ಲ ಕೊಟೇಶನ್ನುಗಳನ್ನೂ ಒಟ್ಟಿಗೆ ಹೊರತೆಗೆದು ಬೇರೆಡೆ ಇಟ್ಟುಕೊಳ್ಳಲು ಬಿಡದ ತಂತ್ರಾಂಶವನ್ನು, ಅದು ಎಷ್ಟೇ ಅಗ್ಗವಾಗಿರಲಿ, ತೆಗೆದುಕೊಳ್ಳಬಾರದು. ಯಂತ್ರ ತಾನಾಗಿ ತುಂಬುವ ಷರತ್ತುಗಳನ್ನು ಓದದೆ ಕಳಿಸುವ ಅಭ್ಯಾಸವೂ ಅಪಾಯಕಾರಿ. ಬೇರೆ ಊರಿನ ನ್ಯಾಯಾಲಯಕ್ಕೇ ಬರಬೇಕೆಂಬ ಸಾಲು ಕುಂದಾಪುರದ ಅಂಗಡಿಯ ಕೊಟೇಶನ್ನಿನಲ್ಲಿ ಇರಬೇಕಾದ ಅಗತ್ಯವೇ ಇಲ್ಲ.

ಕೊನೆಯದಾಗಿ ಭಾಷೆ. ನಮ್ಮಲ್ಲಿ ಅಚ್ಚಾಗಿ ಬರುವ ಹೆಚ್ಚಿನ ಕೊಟೇಶನ್ನುಗಳ ಷರತ್ತುಗಳು ಕೆಳಗೆ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿವೆ. ಮಗ ದುಬೈಯಲ್ಲಿ, ಸಹಿ ಹಾಕುವ ತಾಯಿ ಹೆಮ್ಮಾಡಿಯಲ್ಲೋ ಶಿರೂರಿನಲ್ಲೋ ಇದ್ದಾಗ, ಆ ಸಾಲುಗಳನ್ನು ಓದುವವರು ಯಾರು? ಕರಾರು ಕಾಯ್ದೆಯ 13ನೇ ಕಲಂ, ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಸಮ್ಮತಿ ಎನ್ನುತ್ತದೆ. ಓದಲಾಗದ ಷರತ್ತಿಗೆ ಪಡೆದ ಸಹಿ ವ್ಯಾಪಾರಿಯ ಕೈಯಲ್ಲಿ ಕಾಗದವಾಗಿ ಉಳಿಯುತ್ತದೆ, ಅದನ್ನು ಮನಸ್ಸಿನ ಒಪ್ಪಿಗೆ ಎನ್ನಲಾಗದು. ಇಂದಿನ ಅನೇಕ ತಂತ್ರಾಂಶಗಳಲ್ಲಿ ವಸ್ತುಗಳ ಹೆಸರನ್ನೂ ಷರತ್ತನ್ನೂ ಕನ್ನಡದಲ್ಲಿ ತುಂಬಿದರೆ ಕನ್ನಡದಲ್ಲೇ ಅಚ್ಚಾಗುತ್ತವೆ. ಅದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ. ದರ ಎಂದಿನವರೆಗೆ, ಯಾವುದು ಸೇರಿದೆ, ಯಾವುದು ಸೇರಿಲ್ಲ, ತೆರಿಗೆ ಒಳಗೋ ಹೊರಗೋ, ಮುಂಗಡ ಎಷ್ಟು, ಕೆಲಸ ನಿಂತರೆ ಮುಂಗಡದ ಗತಿ ಏನು ಎಂಬ ಐದಾರು ಸಾಲುಗಳನ್ನು ಆ ತಾಯಿ ಓದಿ ಪ್ರಶ್ನೆ ಕೇಳುವಂತೆ, ದೊಡ್ಡ ಅಕ್ಷರದಲ್ಲಿ, ಕೊಟೇಶನ್ನಿನ ಮೊದಲ ಪುಟದಲ್ಲೇ ಹಾಕಿಸುವ ಕೆಲಸವನ್ನು ನಮ್ಮ ಅಂಗಡಿಗಳು ಈ ಮಳೆಗಾಲದಲ್ಲೇ ಮಾಡಿ ಮುಗಿಸಬಹುದು.